ಯಮಹಾ ಇ463ಗೆ ಹೊಸ ಸ್ಟೈಲ್ ಹಾಕೋದು ಹೇಗೆ? ದಾದ್ರಾ ಹಾಕಿದ್ರೆ ತಬಲಾ ಬದಲು ಸೀಟಿ ಬರ್ತಿದೆ

ಭಜನೆಮನೆ_ತಿಪಟೂರು

ಎಲ್ರಿಗೂ ನಮಸ್ಕಾರ. ಕೀಬೋರ್ಡ್ ಕಲಿಯೋಕೆ ಶುರು ಮಾಡಿ ಏಳು ತಿಂಗಳಾಯ್ತು, ನಂಗೀಗ 43 ವರ್ಷ. ನಮ್ಮ ಬೀದಿ ಹೆಂಗಸರೆಲ್ಲ ಸೇರಿ ಪ್ರತಿ ಶನಿವಾರ ಭಜನೆ ಮಾಡ್ತೀವಿ, ಹಾರ್ಮೋನಿಯಂ ನುಡಿಸ್ತಿದ್ದ ದೊಡ್ಡಮ್ಮ ತೀರಿಕೊಂಡ ಮೇಲೆ ಶ್ರುತಿ ಹಿಡಿಯೋರೇ ಇಲ್ಲ ಅಂತ ನಾನೇ ಧೈರ್ಯ ಮಾಡಿ ಸೆಕೆಂಡ್ ಹ್ಯಾಂಡ್ ಯಮಹಾ ಪಿಎಸ್‌ಆರ್ ಇ463 ತಗೊಂಡೆ. ಬಲಗೈ ಪರವಾಗಿಲ್ಲ, ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತೋ ಸ್ವರಗಳು) ಹಿಡಿದು ಸ್ಟೈಲ್ (ಕೀಬೋರ್ಡ್ ತಾನೇ ನುಡಿಸೋ ತಾಳ, ಪಕ್ಕವಾದ್ಯ) ಜೊತೆ ನುಡಿಸೋದು ಈಗೀಗ ಬರ್ತಾ ಇದೆ.

ತಬಲಾ ಬಾರಿಸೋರು ನಮ್ಮಲ್ಲಿ ಯಾರೂ ಇಲ್ಲ, ಅದಕ್ಕೆ ದಾದ್ರಾ, ಕೆಹರವಾ ತಾಳದ ಸ್ಟೈಲ್ ಬೇಕು ಅಂತ ಒಂದು ಅಂಗಡೀಲಿ ಕೇಳಿದ್ರೆ 1200 ರೂಪಾಯಿ ತಗೊಂಡು ಪೆನ್‌ಡ್ರೈವ್‌ನಲ್ಲಿ 2000 ಇಂಡಿಯನ್ ಸ್ಟೈಲ್ ಅಂತ ತುಂಬಿ ಕೊಟ್ರು. ಮನೆಗೆ ಬಂದು ಹಾಕಿದ್ರೆ ಅರ್ಧಕ್ಕರ್ಧ ಫೈಲ್ ಕೀಬೋರ್ಡ್‌ನಲ್ಲಿ ಕಾಣೋದೇ ಇಲ್ಲ. ಕಾಣಿಸಿದ್ರಲ್ಲೂ ಕೆಲವು ಲೋಡ್ ಆಗಲ್ಲ. ಲೋಡ್ ಆದವು ಕೇಳಿದ್ರೆ ಅಳು ಬರುತ್ತೆ, ದಾದ್ರಾ ಅಂತ ಹೆಸರಿದೆ, ಸ್ಟಾರ್ಟ್ ಒತ್ತಿದ್ರೆ ತಬಲಾ ಬರೋ ಜಾಗದಲ್ಲಿ ಸೀಟಿ, ಚಪ್ಪಾಳೆ, ಟಿಣ್ ಅಂತ ಒಂದು ಗಂಟೆ. ಇನ್ನೊಂದರಲ್ಲಿ ಗಿಟಾರ್ ಬದಲು ಕೀಂ ಕೀಂ ಅಂತ ತಂತಿ ಎಳೆದ ಹಾಗೆ. ಅಂಗಡಿಯವರು ಈಗ ಫೋನ್ ಎತ್ತಲ್ಲ. ಕೀಬೋರ್ಡೇ ಕೆಟ್ಟಿದೆಯೇನೋ ಅಂತ ನಮ್ಮ ಯಜಮಾನ್ರು ಹೇಳ್ತಿದ್ದಾರೆ. ಶ್ರಾವಣದ ಕೊನೇ ಶನಿವಾರ ದೇವಸ್ಥಾನದಲ್ಲಿ ನಮ್ಮ ಭಜನೆ ಇದೆ, ಇನ್ನು ಮೂರೇ ವಾರ. ಗೊತ್ತಿರೋರು ದಯವಿಟ್ಟು ಹೇಳಿ.

ರಿದಮ್_ರಾಜಾಜಿನಗರ

ಪೆನ್‌ಡ್ರೈವ್ ಎಷ್ಟು ಜಿಬಿದು ಮೇಡಂ? 64 ಆಗಿದ್ರೆ ಅದೇ ಮೊದಲ ತೊಂದರೆ ಇರಬಹುದು. ಅಂಗಡೀಲಿ ಬರೋ ಎಷ್ಟೋ 64 ಜಿಬಿ ಡ್ರೈವ್‌ಗಳು ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ನಲ್ಲಿ ಬರುತ್ವೆ, ಈ ಕೀಬೋರ್ಡ್ ಓದೋದು ಫ್ಯಾಟ್32 ಫಾರ್ಮ್ಯಾಟ್. 8 ಅಥವಾ 16 ಜಿಬಿದು ಹಳೇದು ಇದ್ರೆ ಅದನ್ನೇ ಉಪಯೋಗಿಸಿ.

ಭಜನೆಮನೆ_ತಿಪಟೂರು

ಇಲ್ಲ ಸರ್, 16 ಜಿಬಿ. ಕೀಬೋರ್ಡ್ ಅದನ್ನ ಗುರುತಿಸುತ್ತೆ. ಒಳಗೆ ಫೋಲ್ಡರ್ ಮೇಲೆ ಫೋಲ್ಡರ್ ಇದೆ, ಇಂಡಿಯನ್ ಅಂತ ಒಂದು, ಅದರೊಳಗೆ ಹಿಂದಿ, ಕನ್ನಡ, ತೆಲುಗು, ಕನ್ನಡದೊಳಗೆ ಹಳೇದು ಹೊಸದು, ಅದರೊಳಗೆ ಮತ್ತೆ ಹಾಡಿನ ಹೆಸರಲ್ಲಿ.

ಹಳೇಆರ್ಕೆಸ್ಟ್ರಾ_ಶಿವಮೊಗ್ಗ

ಅಕ್ಕಾ, ನಿಮ್ಮ ಕೀಬೋರ್ಡ್ ಕೆಟ್ಟಿಲ್ಲ, ಯಜಮಾನ್ರಿಗೆ ಮೊದಲು ಅದನ್ನ ಹೇಳಿ. ನಾನು ಹದಿನೆಂಟು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದೀನಿ, ಈಗ ಮಕ್ಕಳಿಗೆ ಹೇಳಿಕೊಡ್ತೀನಿ, ನಮ್ಮ ಕ್ಲಾಸಿಗೆ ಬರೋ ಹತ್ತರಲ್ಲಿ ಆರು ಜನ ಇದೇ ಪೆನ್‌ಡ್ರೈವ್ ಹಿಡ್ಕೊಂಡು ಬರ್ತಾರೆ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಸ್ಟೈಲ್ ಫೈಲ್ ಒಳಗೆ ಸೌಂಡ್ ಇರಲ್ಲ. ಇದೊಂದು ಗೊತ್ತಾದ್ರೆ ಉಳಿದಿದ್ದು ಸಲೀಸು. ಫೈಲ್ ಸೈಜ್ ನೋಡಿ, ಕೆಬಿ ಲೆಕ್ಕದಲ್ಲಿ ಇರುತ್ತೆ, ಅಷ್ಟರಲ್ಲಿ ತಬಲಾ ರೆಕಾರ್ಡಿಂಗ್ ಎಲ್ಲಿಂದ ಬರಬೇಕು? ಅದು ಮದುವೆ ಮನೇಲಿ ಭಟ್ಟರಿಗೆ ಕೊಡೋ ಚೀಟಿ ಇದ್ದ ಹಾಗೆ. ಇಷ್ಟನೇ ಚಾನಲ್‌ನಲ್ಲಿ, ಈ ನಂಬರಿನ ವಾದ್ಯದಲ್ಲಿ, ಈ ಸ್ವರ ಇಷ್ಟು ಜೋರಾಗಿ ಹೊಡಿ ಅಂತ ಬರೆದಿರುತ್ತೆ, ಸಾಮಾನು ನಿಮ್ಮ ಕೀಬೋರ್ಡ್‌ನ ಉಗ್ರಾಣದಲ್ಲಿ ಇರಬೇಕು. ಚೀಟಿ ಬರೆದೋನು ದೊಡ್ಡ ಎಸ್ ಸೀರೀಸ್ ಕೀಬೋರ್ಡ್ ಮುಂದೆ ಕೂತು ಬರೆದಿದ್ರೆ ಅವನು ಕೇಳಿದ ತಬಲಾ ಕಿಟ್ (ಒಂದೊಂದು ಕೀಗೆ ಒಂದೊಂದು ಸದ್ದು ಇಟ್ಟ ಗುಂಪು) ನಿಮ್ಮದರಲ್ಲಿ ಅದೇ ನಂಬರಿನಲ್ಲಿ ಇರಲ್ಲ, ಆಗ ಕೀಬೋರ್ಡ್ ತನ್ನ ಹತ್ರ ಇರೋ ಮಾಮೂಲಿ ಡ್ರಮ್ ಕಿಟ್ ಹಾಕ್ಕೊಂಡು ನುಡಿಸುತ್ತೆ. ಅವನ ಕಿಟ್‌ನಲ್ಲಿ ತಬಲಾದ ನಾ ಅನ್ನೋ ಬೋಲ್ (ಪೆಟ್ಟಿನ ಸದ್ದು) ಇದ್ದ ಕೀನಲ್ಲಿ ನಿಮ್ಮ ಕಿಟ್‌ನಲ್ಲಿ ಸೀಟಿ ಇರುತ್ತೆ, ಧಾ ಇದ್ದ ಕಡೆ ಚಪ್ಪಾಳೆ. ಲಯ ಸರಿಯಾಗೇ ಇರುತ್ತೆ, ಗಮನಿಸಿ ನೋಡಿ, ಸೀಟಿ ಕೂಡ ದಾದ್ರಾ ನಡೆಯಲ್ಲೇ ಬರ್ತಾ ಇರುತ್ತೆ.

ಗಿಟಾರ್ ಕೀಂ ಕೀಂ ಅನ್ನೋದಕ್ಕೆ ಕಾರಣ ಬೇರೆ. ದೊಡ್ಡ ಯಮಹಾಗಳಲ್ಲಿ ಮೆಗಾ ವಾಯ್ಸ್ ಅಂತ ಇದೆ, ಒಂದೇ ಗಿಟಾರ್‌ನಲ್ಲಿ ಮೆಲ್ಲಗೆ ಹೊಡೆದ್ರೆ ಒಂದು ಥರ, ಜೋರಾಗಿ ಹೊಡೆದ್ರೆ ಜಾರಿಸೋ ಸದ್ದು, ತೀರಾ ಮೇಲಿನ ಕೀಗಳಲ್ಲಿ ತಂತಿ ಉಜ್ಜೋ ಸದ್ದು. ಅದನ್ನ ನಂಬಿ ಬರೆದ ಸ್ಟೈಲನ್ನ ಸಾದಾ ಗಿಟಾರ್‌ನಲ್ಲಿ ನುಡಿಸಿದ್ರೆ ಆ ಉಜ್ಜೋ ಸದ್ದಿನ ಜಾಗಕ್ಕೆಲ್ಲ ತಾರಕದ ಸ್ವರ ಬಂದು ಕಿವಿಗೆ ಚುಚ್ಚುತ್ತೆ.

ಇನ್ನು ಲೋಡ್ ಆಗದೇ ಇರೋ ಫೈಲ್‌ಗಳು. ನಿಮ್ಮ ಪೆನ್‌ಡ್ರೈವ್‌ನಲ್ಲಿ ಬೇರೆ ಬೇರೆ ಕಂಪನಿ ಸ್ಟೈಲ್‌ಗಳು ಕಲಸಿಹೋಗಿರೋ ಸಾಧ್ಯತೆ ಜಾಸ್ತಿ. ಯಮಹಾ ಸ್ಟೈಲ್‌ಗೂ ಹೆಸರಿನ ಕೊನೇಲಿ ಡಾಟ್ ಎಸ್‌ಟಿವೈ ಅಂತಾನೇ, ಕೊರ್ಗ್ ಪಿಎ ಸೀರೀಸ್‌ಗೂ ಡಾಟ್ ಎಸ್‌ಟಿವೈ, ಆದ್ರೆ ಒಳಗೆ ಎರಡಕ್ಕೂ ಸಂಬಂಧವೇ ಇಲ್ಲ. ಕೊರ್ಗ್‌ನಲ್ಲಿ ಅದು ಡಾಟ್ ಸೆಟ್ ಅನ್ನೋ ಫೋಲ್ಡರ್ ಒಳಗೆ ಇರುತ್ತೆ. ಡಾಟ್ ಎಸಿ7 ಅಂತ ಇದ್ರೆ ಕ್ಯಾಸಿಯೋದು, ಡಾಟ್ ಎಸ್‌ಟಿಎಲ್ ರೋಲೆಂಡ್‌ದು. ಹೆಸರು ಬದಲಾಯಿಸಿ ಹಾಕಿದ್ರೆ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಆಗಲ್ಲ.

ಯಮಹಾದಲ್ಲೇ ಎರಡು ಬಗೆ ಇದೆ. ಹಳೇದು ಎಸ್‌ಎಫ್‌ಎಫ್1. 2008ರಲ್ಲಿ ಟೈರೋಸ್ 3 ಬಂದಾಗ ಎಸ್‌ಎಫ್‌ಎಫ್ ಜಿಇ ಅಂತ ಹೊಸ ಬಗೆ ಬಂತು, ಇದನ್ನೇ ಎಸ್‌ಎಫ್‌ಎಫ್2 ಅಂತಾರೆ, ಗಿಟಾರ್ ಕಾರ್ಡ್ ಇನ್ನೂ ಸಹಜವಾಗಿ ಬರಲಿ ಅಂತ ಮಾಡಿದ್ದು. ನಿಮ್ಮ ಇ ಸೀರೀಸ್‌ಗೆ ಹಳೇ ಎಸ್‌ಎಫ್‌ಎಫ್1 ಹುಡುಕಿಕೊಳ್ಳಿ. ಯಾವುದು ಯಾವ ಬಗೆ ಅಂತ ಕಂಡುಹಿಡಿಯೋದು ಸುಲಭ. ಮನೇಲಿ ಲ್ಯಾಪ್‌ಟಾಪ್ ಇದ್ರೆ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆರೀರಿ. ಏನೇನೋ ಗಜಿಬಿಜಿ ಅಕ್ಷರ ಕಾಣುತ್ತೆ, ಹೆದರಬೇಡಿ. ಮೊಟ್ಟಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಎಂ, ಟಿ, ಎಚ್, ಡಿ ಅಂತ ಇರಬೇಕು. ಇಲ್ಲ ಅಂದ್ರೆ ಅದು ಯಮಹಾ ಸ್ಟೈಲ್ ಅಲ್ಲ, ಪಕ್ಕಕ್ಕಿಡಿ. ಇದ್ರೆ, ಅಲ್ಲೇ ಸ್ವಲ್ಪ ಮುಂದೆ ಎಸ್‌ಎಫ್‌ಎಫ್1 ಅಥವಾ ಎಸ್‌ಎಫ್‌ಎಫ್2 ಅಂತ ಕಣ್ಣಿಗೆ ಕಾಣೋ ಹಾಗೆ ಬರೆದಿರುತ್ತೆ. ನೋಡಿ, ಮುಚ್ಚಿ. ಸೇವ್ ಮಾತ್ರ ಮಾಡಬೇಡಿ, ಮಾಡಿದ್ರೆ ಫೈಲ್ ಕೆಡುತ್ತೆ.

ಫೋಲ್ಡರ್ ವಿಷಯ ನೀವೇ ಹೇಳಿದ್ರಿ. ಈ ಕೀಬೋರ್ಡ್ ಅಷ್ಟು ಆಳಕ್ಕೆ ಇಳಿಯಲ್ಲ. ಪೆನ್‌ಡ್ರೈವ್ ತೆಗೆದ ತಕ್ಷಣ ಕಾಣೋ ಜಾಗದಲ್ಲಿ, ಇಲ್ಲಾಂದ್ರೆ ಒಂದೇ ಒಂದು ಫೋಲ್ಡರ್ ಮಾಡಿ ಅದರಲ್ಲಿ ಇಡಿ, ಹೆಸರು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಬೇರೆ ಖಾಲಿ ಪೆನ್‌ಡ್ರೈವ್ ತಗೊಂಡು ಕೀಬೋರ್ಡ್‌ನಲ್ಲೇ ಫಾರ್ಮ್ಯಾಟ್ ಮಾಡೋದು ಒಳ್ಳೇದು, ಫಾರ್ಮ್ಯಾಟ್ ಮಾಡಿದ್ರೆ ಅದರಲ್ಲಿರೋದೆಲ್ಲ ಹೋಗುತ್ತೆ ಅನ್ನೋದು ನೆನಪಿರಲಿ.

ನಿಮ್ಮ ಇ463ರಲ್ಲಿ ಕಂಪನಿ ಸ್ಟೈಲ್ 235, ಆಮೇಲೆ 236ರಿಂದ 245ರವರೆಗೆ ಹತ್ತು ಜಾಗ ನಿಮ್ಮದು. 2000 ಕೊಟ್ರೂ ಹತ್ತೇ ಒಳಗೆ ಕೂರೋದು, ಇದ್ದ ಜಾಗಕ್ಕೆ ಇನ್ನೊಂದು ಹಾಕಿದ್ರೆ ಹಳೇದು ಅಳಿಸಿಹೋಗುತ್ತೆ. ಫೈಲ್ ಮೆನುಗೆ ಹೋಗಿ ಲೋಡ್ ಹುಡುಕಿ, ಫೈಲ್ ಆರಿಸಿ, ಯಾವ ನಂಬರಿಗೆ ಅಂತ ಕೇಳಿದಾಗ ಜಾಗ ಆರಿಸಿ, ಒಪ್ಪಿಗೆ ಕೊಡಿ. ಲೋಡ್ ಆಗ್ತಿರೋವಾಗ ಪೆನ್‌ಡ್ರೈವ್ ಎಳೀಬೇಡಿ, ಪವರ್ ತೆಗೀಬೇಡಿ, ಬ್ಯಾಟರಿ ಮೇಲಲ್ಲ, ಅಡಾಪ್ಟರ್ ಹಾಕ್ಕೊಂಡೇ ಮಾಡಿ. ಒಮ್ಮೆ ಕೂತ ಮೇಲೆ ಆಫ್ ಮಾಡಿದ್ರೂ ಇರುತ್ತೆ, ಆಮೇಲೆ ಪೆನ್‌ಡ್ರೈವ್ ಬೇಕಾಗಿಲ್ಲ.

ರಿದಮ್_ರಾಜಾಜಿನಗರ

ಶಿವಮೊಗ್ಗದ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಇ463ರಲ್ಲಿ ಒಂದು ಸ್ಟೈಲ್‌ಗೆ ಮೇನ್ ಎ, ಮೇನ್ ಬಿ ಅಂತ ಎರಡೇ ಮುಖ್ಯ ಭಾಗ ಇರೋದು. ದೊಡ್ಡ ಕೀಬೋರ್ಡ್ ಸ್ಟೈಲ್‌ಗಳಲ್ಲಿ ಎ ಬಿ ಸಿ ಡಿ ಅಂತ ನಾಲ್ಕಿರುತ್ತೆ, ಮಾಡಿದೋರು ಚರಣದ ತಬಲಾ ಸಿ, ಡಿ ಒಳಗೆ ಇಟ್ಟಿದ್ರೆ ಅದು ನಿಮಗೆ ಸಿಗಲ್ಲ. ಯೂಟ್ಯೂಬ್‌ನಲ್ಲಿ ಡೆಮೋ ಕೇಳಿ ಅದೇ ಬರುತ್ತೆ ಅಂತ ದುಡ್ಡು ಕೊಟ್ಟು ತಗೊಳ್ಳೋರು ಇದನ್ನ ಕೇಳಿ ತಗೊಳ್ಳಿ.

ಹೊಸಬ_ಕುಂದಾಪುರ

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನದು ಇ363. ಪೆನ್‌ಡ್ರೈವ್ ಹಾಕುವ ಜಾಗವೇ ಇಲ್ಲ, ಹಿಂದೆ ಚೌಕದ ಒಂದು ಯುಎಸ್‌ಬಿ ಮಾತ್ರ ಉಂಟು. ಅದಕ್ಕೆ ಕನ್ವರ್ಟರ್ ಹಾಕಿ ಪೆನ್‌ಡ್ರೈವ್ ಸಿಕ್ಕಿಸಿದರೆ ಆಗ್ತದಾ?

ಹಳೇಆರ್ಕೆಸ್ಟ್ರಾ_ಶಿವಮೊಗ್ಗ

ಆಗಲ್ಲ ತಮ್ಮಾ, ಕನ್ವರ್ಟರ್‌ಗೆ ದುಡ್ಡು ಹಾಕಬೇಡ. ಚೌಕದ್ದು ಯುಎಸ್‌ಬಿ ಟು ಹೋಸ್ಟ್, ಅಂದ್ರೆ ಕಂಪ್ಯೂಟರ್‌ಗೆ ಜೋಡಿಸೋಕೆ. ಚಪ್ಪಟೆಯದು ಟು ಡಿವೈಸ್, ಪೆನ್‌ಡ್ರೈವ್‌ಗೆ, ಅದು 463ರಲ್ಲಿದೆ, 363ರಲ್ಲಿಲ್ಲ. ನಿಂದಕ್ಕೆ ಪ್ರಿಂಟರ್ ಕೇಬಲ್ ಹಾಕಿ ವಿಂಡೋಸ್ ಕಂಪ್ಯೂಟರ್‌ನಲ್ಲಿ ಯಮಹಾದವರ ಮ್ಯೂಸಿಕ್‌ಸಾಫ್ಟ್ ಡೌನ್‌ಲೋಡರ್ ಮೂಲಕ ಕಳಿಸಬೇಕು. ಮೊದಲು ಯುಎಸ್‌ಬಿ ಮಿಡಿ ಡ್ರೈವರ್ ಹಾಕ್ಕೋ, ಅದಿಲ್ಲದೆ ಕಂಪ್ಯೂಟರ್‌ಗೆ ಕೀಬೋರ್ಡ್ ಕಾಣದೇ ಇರಬಹುದು.

ದುಬೈ_ಕನ್ನಡಿಗ

ಕ್ಯಾಸಿಯೋ ಇರೋರಿಗೆ ಅಂತ ಒಂದು ಮಾತು. ನನ್ನ ಹತ್ರ ಇರೋದು ಸಿಟಿ ಎಕ್ಸ್5000, ಅದರಲ್ಲಿ ಸ್ಟೈಲ್ ಅನ್ನಲ್ಲ, ರಿದಮ್ ಅಂತಾರೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿದ್ರೆ ಮ್ಯೂಸಿಕ್‌ಡ್ಯಾಟ್ ಅಂತ ಫೋಲ್ಡರ್ ಬರುತ್ತೆ, ಎಸಿ7 ಫೈಲ್ ಅದರೊಳಗೇ ಇಡಬೇಕು, ಹೊರಗಿಟ್ರೆ ಕಾಣಲ್ಲ. ಎರಡು ದಿನ ನಾನು ಹೊರಗಿಟ್ಟು ಒದ್ದಾಡಿದ್ದೆ. ಇನ್ನೊಂದು, ಬೆರಳಿನ ಲೆಕ್ಕ ಯಮಹಾಗೂ ಕ್ಯಾಸಿಯೋಗೂ ಉಲ್ಟಾ. ಸುಲಭದ ಕಾರ್ಡ್ ಹಿಡಿಯೋವಾಗ ಕ್ಯಾಸಿಯೋದಲ್ಲಿ ಮೈನರ್‌ಗೆ ಮೂಲ ಸ್ವರದ ಜೊತೆ ಬಲಗಡೆಯ ಯಾವುದಾದ್ರೂ ಒಂದು ಕೀ ಒತ್ತಿದ್ರೆ ಸಾಕು, ಯಮಹಾದಲ್ಲಿ ಎಡಗಡೆಯ ಕಪ್ಪು ಕೀ ಒತ್ತಬೇಕು, ಬಿಳಿ ಒತ್ತಿದ್ರೆ ಸೆವೆಂತ್ ಆಗುತ್ತೆ. ಸ್ಟೈಲ್ ತಪ್ಪು ಅಂದ್ಕೊಂಡವರಲ್ಲಿ ಎಷ್ಟೋ ಜನರದು ಕಾರ್ಡ್ ತಪ್ಪಾಗಿರುತ್ತೆ.

ಭಜನೆಮನೆ_ತಿಪಟೂರು

ಶಿವಮೊಗ್ಗದ ಅಣ್ಣ, ನಿಮ್ಮ ಬರಹ ಮಗನ ಹತ್ರ ಪ್ರಿಂಟ್ ತೆಗೆಸಿ ಕೀಬೋರ್ಡ್ ಪಕ್ಕ ಇಟ್ಕೊಂಡಿದೀನಿ. ನಿನ್ನೆ ರಾತ್ರಿ ಹನ್ನೊಂದರವರೆಗೂ ಲ್ಯಾಪ್‌ಟಾಪ್ ಮುಂದೆ ಕೂತು ಹೆಸರಲ್ಲಿ ದಾದ್ರಾ, ಕೆಹರವಾ, ಭಜನ್ ಅಂತ ಇದ್ದ 38 ಫೈಲ್ ಒಂದೊಂದಾಗಿ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದ್ವಿ. ಒಂಬತ್ತರಲ್ಲಿ ಆ ನಾಲ್ಕು ಅಕ್ಷರವೇ ಇರಲಿಲ್ಲ. ಹದಿನೇಳು ಎಸ್‌ಎಫ್‌ಎಫ್2. ಹನ್ನೆರಡು ಎಸ್‌ಎಫ್‌ಎಫ್1 ಸಿಕ್ಕವು, ಅವನ್ನ ಬೇರೆ ಪೆನ್‌ಡ್ರೈವ್‌ಗೆ ಹಾಕಿ ಇಟ್ಟೆ, ಎಲ್ಲವೂ ಕಂಡವು!! ಒಂದೊಂದಾಗಿ ಕೇಳಿದೆ, ಐದರಲ್ಲಿ ನಿಜವಾದ ತಬಲಾ ಬಂತು. ಮೊದಲ ಸಲ ಧಾ ಅಂತ ಬಂದಾಗ ನಂಗೆ ಮೈ ಜುಮ್ ಅಂತು.

ಆದ್ರೆ ಒಂದರಲ್ಲಿ ಕಾರ್ಡ್ ಹಿಡಿದಾಗ ಮಾತ್ರ ತಬಲಾ ಪೂರ್ತಿ ಬರುತ್ತೆ, ಎಸಿಎಂಪಿ ಬಟನ್ (ಕಾರ್ಡ್‌ಗೆ ತಕ್ಕ ಹಾಗೆ ಪಕ್ಕವಾದ್ಯ ನುಡಿಸೋದು) ಆಫ್ ಮಾಡಿದ್ರೆ ಬರೀ ಗೆಜ್ಜೆ ಥರ ಚಿಕ್ ಚಿಕ್. ಯಾಕೆ?

ಹಳೇಆರ್ಕೆಸ್ಟ್ರಾ_ಶಿವಮೊಗ್ಗ

ಒಳ್ಳೇ ಪ್ರಶ್ನೆ ಅಕ್ಕಾ, ಸುಮಾರು ಜನ ಇದನ್ನ ಗಮನಿಸೋದೇ ಇಲ್ಲ. ಸ್ಟೈಲ್ ಒಳಗೆ ಎಂಟು ಸಾಲು ಇರುತ್ತೆ, ಚಾನಲ್ 9ರಿಂದ 16. 9 ಮತ್ತು 10 ತಾಳವಾದ್ಯಕ್ಕೆ, 11 ಬೇಸ್, 12, 13 ಕಾರ್ಡ್, 14 ಹಿಂದೆ ಎಳೆದು ಹಿಡಿಯೋ ಪ್ಯಾಡ್, 15, 16 ಮಧ್ಯೆ ಮಧ್ಯೆ ಬರೋ ಸಣ್ಣ ಸಣ್ಣ ತುಣುಕು. ಎಸಿಎಂಪಿ ಆಫ್ ಇದ್ರೆ ತಾಳವಾದ್ಯದ ಸಾಲು ಮಾತ್ರ ನುಡಿಯುತ್ತೆ. ಆ ಸ್ಟೈಲ್ ಮಾಡಿದೋರು ತಬಲಾನ 15, 16ರಲ್ಲೆಲ್ಲೋ ಇಟ್ಟಿರ್ತಾರೆ, ಅದಕ್ಕೆ ಕಾರ್ಡ್ ಹಿಡಿಯೋವರೆಗೂ ಸುಮ್ನಿರುತ್ತೆ. ತಪ್ಪೇನಿಲ್ಲ, ಆದ್ರೆ ಭಜನೆಗೆ ನಿಮಗೆ ಎಸಿಎಂಪಿ ಆಫ್‌ನಲ್ಲಿ ತಬಲಾ ಬರೋ ಸ್ಟೈಲೇ ಅನುಕೂಲ, ಬರೀ ತಬಲಾ ಓಡಿಸಿ ಎರಡೂ ಕೈಯಲ್ಲಿ ಹಾರ್ಮೋನಿಯಂ ಥರ ನುಡಿಸಬಹುದು.

ಅಂದ ಹಾಗೆ ಹೊರಗಿನ ಸ್ಟೈಲ್‌ಗೆ ಹೋಗೋ ಮುಂಚೆ ಕೀಬೋರ್ಡ್ ಒಳಗೇ ಇರೋ ಭಜನ್, ಕವ್ವಾಲಿ, ದಾಂಡಿಯಾ, ಕೇರಳ, ಇವನ್ನೆಲ್ಲ ಒಂದ್ಸಲ ಕೇಳಿ. ಆ ಕಂಪನಿ ಸ್ಟೈಲ್‌ಗಳಲ್ಲಿ ತಬಲಾ, ಢೋಲಕ್ ಹೇಗೆ ಕೇಳುತ್ತೋ ಅದು ನಿಮ್ಮ ಉಗ್ರಾಣದ ಸಾಮಾನು. ಅದಕ್ಕಿಂತ ಒಳ್ಳೇ ತಬಲಾ ಯಾವ ಪೆನ್‌ಡ್ರೈವ್‌ನಿಂದಲೂ ಬರಲ್ಲ.

ಆಫರ್_ಸ್ಟೈಲ್ಸ್

ನನ್ನ ಹತ್ರ 5000 ಕಲೆಕ್ಷನ್ ಇದೆ, ಫ್ರೀ ಕೊಡ್ತೀನಿ, ನಂಬರ್ ಹಾಕಿ ವಾಟ್ಸಾಪ್ ಮಾಡ್ತೀನಿ.

ರಿದಮ್_ರಾಜಾಜಿನಗರ

ಸರ್ ಬೇಜಾರಾಗಬೇಡಿ, ಅದರಲ್ಲಿ ಎಷ್ಟೋ ಸ್ಟೈಲ್ ನಮ್ಮವರೇ ರಾತ್ರಿಯೆಲ್ಲ ಕೂತು ಮಾಡಿ ಮಾರಿ ಹೊಟ್ಟೆ ಹೊರೀತಿರೋದು. ಒಂದು ಹಾಡಿಗೆ ಇಂಟ್ರೋ, ಮೇನ್, ಫಿಲ್ (ಮಧ್ಯೆ ಬರೋ ಸಣ್ಣ ತಿರುವು), ಎಂಡಿಂಗ್ ಎಲ್ಲ ಬರೆದು, ಪ್ರತಿ ಕಾರ್ಡ್‌ಗೂ ಸರಿ ಬರುತ್ತಾ ಅಂತ ಪರೀಕ್ಷೆ ಮಾಡೋದಕ್ಕೆ ಎರಡು ಮೂರು ದಿನ ಹಿಡಿಯುತ್ತೆ, ನಾನು ಮಾಡಿ ನೋಡಿದೀನಿ. ಅವರೇ ಫ್ರೀ ಅಂತ ಕೊಟ್ಟಿದ್ರೆ ಹಂಚಿ, ಖುಷಿ. ಇಲ್ಲ ಅಂದ್ರೆ ಹಂಚೋದು ಬೇಡ. ಮತ್ತೆ ಇಲ್ಲಿ ಯಾರೂ ಫೋನ್ ನಂಬರ್ ಹಾಕಬೇಡಿ.

ತಬಲಾ_ಧಾರವಾಡ

ಅಕ್ಕಾರ, ನಾ ತಬಲಾ ಬಾರಸಾಂವ, ಕೀಬೋರ್ಡ್ ನನಗ ಬರಂಗಿಲ್ಲ. ಆದ್ರ ಭಜನಿ ಮಂಡಳಿಯೊಳಗ ಈ ಸ್ಟೈಲ್ ಹಾಕ್ಕೊಂಡು ಹಾಡೋದು ಭಾಳ ಕಡೆ ಕೇಳೇನಿ, ಅದಕ್ಕ ಒಂದು ಮಾತು ಹೇಳಬೇಕನಸ್ತು.

ದಾದ್ರಾ ಆರು ಮಾತ್ರಿ. ಧಾ ಧಿ ನಾ, ಧಾ ತಿ ನಾ. ಮೊದಲ ಮೂರು ತುಂಬಿದ್ದು, ಬಾಯಾ (ಎಡಗೈಲೆ ಬಾರಸೂದು) ಗುಂ ಅಂತೈತಿ, ನಡುವ ಖಾಲಿ, ಅಲ್ಲಿ ಬಾಯಾ ಸಣ್ಣ ಆಗ್ತೈತಿ. ಹಾಡೋರು ಆ ಗುಂ ಕೇಳಿಕೊಂಡ ಸಮ್‌ಗೆ, ಅಂದ್ರ ಮೊದಲನೇ ಮಾತ್ರಿಗೆ, ಬರ್ತಾರ. ಸ್ಟೈಲ್ ಮಾಡಾವ್ರು ಕೆಲವರು ಇದನ್ನ 6/8 ಅಂತ ಬರದಿರ್ತಾರ, ಒಂದು ಬಾರ್ ಅಂದ್ರ ಒಂದು ಪೂರ್ತಿ ಆವರ್ತನ. ಕೆಲವರು 3/4 ಅಂತ ಬರದಿರ್ತಾರ, ಆವಾಗ ಆವರ್ತನಕ್ಕ ಎರಡು ಬಾರ್. ಸುಮ್ನ ಓಡಾಕತ್ತಾಗ ಎರಡೂ ಒಂದ ಥರಾ ಕೇಳ್ತಾವ. ನೀವು ಫಿಲ್ ಒತ್ತಿದಾಗ ಬಣ್ಣ ಬಯಲಾಗ್ತೈತಿ. ಫಿಲ್ ಆ ಬಾರ್ ಮುಗಿಯೋತನಕ ಬಾರಸಿ, ಮುಂದಿನ ಬಾರ್‌ಗೆ ಮೇನ್ ಮತ್ತ ಮೊದಲಿಂದ ಸುರು ಆಗ್ತೈತಿ. 3/4 ಇದ್ದಾಗ ಮೊದಲ ಮೂರು ಮಾತ್ರಿಯೊಳಗ ಫಿಲ್ ಒತ್ತಿದ್ರಂದ್ರ ಮೇನಿನ ಧಾ ಬಂದು ಖಾಲಿ ಮ್ಯಾಲೆ ಕುಂದರತೈತಿ. ಅಲ್ಲಿಂದ ಮುಂದ ಹಾಡು ಒಂದು ಕಡೆ, ಠೇಕಾ ಒಂದು ಕಡೆ. ಹಾಡೋರು ತಾವ ತಪ್ಪಿದ್ವಿ ಅಂತ ತಿಳ್ಕೊಂಡು ತಡವರಸ್ತಾರ, ಪಾಪ ಅವರದೇನು ತಪ್ಪಿರಂಗಿಲ್ಲ.

ಹಿಂಗಾಗಿ ಮೇನ್ ಓಡೂ ಮುಂದ ಬಾಯಾ ಎಲ್ಲಿ ಬರ್ತೈತಿ ಅಂತ ಕೈಯಾಗ ತಾಳ ಹಾಕ್ಕೊಂತ ಕೇಳ್ರಿ, ಡಿಸ್‌ಪ್ಲೇದಾಗ 3 ಅಂತ ಎಣಸ್ತೈತೋ 6 ಅಂತೋ ನೋಡ್ರಿ. 3 ಇದ್ರ ಫಿಲ್ ಯಾವಾಗಲೂ ತಿ ನಾ ಬರೂ ಹೊತ್ತಿನ್ಯಾಗ, ಅಂದ್ರ ಆವರ್ತನದ ಎರಡನೇ ಅರ್ಧದಾಗ ಒತ್ರಿ.

ಭಜನೆಮನೆ_ತಿಪಟೂರು

ಅಯ್ಯೋ, ಇದೇ ಆಗ್ತಿತ್ತು ನಮಗೆ! ಕಳೆದ ಶನಿವಾರ ಎರಡನೇ ಚರಣಕ್ಕೆ ಹೋಗೋವಾಗ ಫಿಲ್ ಒತ್ತಿದೆ, ಆಮೇಲೆ ಎಲ್ರೂ ನನ್ನ ಮುಖ ನೋಡೋಕೆ ಶುರು ಮಾಡಿದ್ರು. ನಿಮ್ಮ ಮಾತು ಓದಿ ಡಿಸ್‌ಪ್ಲೇ ನೋಡಿದೆ, 1 2 3, 1 2 3 ಅಂತಾನೇ ಎಣಿಸ್ತಿದೆ. ಇವತ್ತು ಬೆಳಿಗ್ಗೆ ಅರ್ಧ ಗಂಟೆ ಬರೀ ಫಿಲ್ ಒತ್ತೋದೇ ಅಭ್ಯಾಸ ಮಾಡಿದೆ. ಐದು ಸ್ಟೈಲ್‌ನಲ್ಲಿ ಒಂದು 6/8 ಇದೆ, ಮೆಲ್ಲಗಿನ ಹಾಡಿಗೆ ಅದನ್ನೇ ಇಟ್ಕೊಂಡೆ.

ಕೀಪ್ಯಾಡ್_ಮೈಸೂರು

ಸ್ಟೈಲ್ ತಲೆನೋವೇ ಬೇಡ ಅನ್ನೋರಿಗೆ, ಫೋನ್‌ನಲ್ಲಿ ತಬಲಾ ಆಪ್ ಹಾಕಿ ಕೀಬೋರ್ಡ್‌ನ ಆಕ್ಸ್ ಇನ್‌ಗೆ (ಹೊರಗಿನ ಸದ್ದು ಒಳಗೆ ಕೊಡೋ ತೂತು) ಕೇಬಲ್ ಕೊಟ್ರೆ ಕೀಬೋರ್ಡ್ ಸ್ಪೀಕರ್‌ನಲ್ಲೇ ಬರುತ್ತೆ. ತಬಲಾ ಶ್ರುತಿಯನ್ನೂ ಬದಲಾಯಿಸ್ಕೊಬಹುದು. ನಾನು ವರ್ಷದಿಂದ ಹಾಗೇ ಮಾಡ್ತಿರೋದು.

ಇನ್ನೊಂದು, ಏನಾದ್ರೂ ಗೊಂದಲ ಆದ್ರೆ ಕೊನೇ ಬಿಳಿ ಕೀ ಜೊತೆ ಮೇಲಿನ ಮೂರು ಕಪ್ಪು ಕೀ ಒತ್ತಿ ಹಿಡಿದು ಆನ್ ಮಾಡಿ, ಎಲ್ಲ ಸರಿ ಹೋಗುತ್ತೆ.

ಹಳೇಆರ್ಕೆಸ್ಟ್ರಾ_ಶಿವಮೊಗ್ಗ

ಮೈಸೂರಿನವರೇ, ಆಪ್ ಮಾತು ಒಪ್ತೀನಿ, ಭಜನೆಗೆ ಅದೂ ಚೆನ್ನ. ಒಂದೇ ಕೊರತೆ, ಹಾಡಿನ ಮಧ್ಯೆ ವೇಗ ಏರಿಸಬೇಕು, ನಿಲ್ಲಿಸಬೇಕು ಅಂದ್ರೆ ಕೈ ಫೋನ್‌ಗೆ ಹೋಗಬೇಕು. ಸ್ಟೈಲ್ ಆದ್ರೆ ಎಲ್ಲಾ ಬಟನ್ ಕಣ್ಣೆದುರೇ.

ಆದ್ರೆ ಆ ನಾಲ್ಕು ಕೀ ಒತ್ತೋ ಸಲಹೆ ದಯವಿಟ್ಟು ಯಾರಿಗೂ ಕೊಡಬೇಡಿ. ಅದು ಫ್ಲ್ಯಾಶ್ ಕ್ಲಿಯರ್. ಕಷ್ಟಪಟ್ಟು ಹಾಕಿದ ಸ್ಟೈಲೆಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತೆ. ಅಕ್ಕಾ, ನೀವು ಅದನ್ನ ಮುಟ್ಟಬೇಡಿ. ಆರಿಸಿಕೊಂಡ ಐದೂ ಫೈಲ್ ಲ್ಯಾಪ್‌ಟಾಪ್‌ನಲ್ಲಿ ಒಂದು ಕಾಪಿ ಇಟ್ಕೊಳ್ಳಿ.

ಮತ್ತೆ ಸೀಟಿ ಬರೋ ಸ್ಟೈಲ್‌ಗಳನ್ನ ರಿಪೇರಿ ಮಾಡಬಹುದಾ ಅಂತ ಒಬ್ರು ಮೆಸೇಜ್‌ನಲ್ಲಿ ಕೇಳಿದ್ರು. ಆಗುತ್ತೆ, ಕಂಪ್ಯೂಟರ್ ಬೇಕು. ಮಿಕ್ಸ್‌ಮಾಸ್ಟರ್ ಥರದ ಸಾಫ್ಟ್‌ವೇರ್‌ನಲ್ಲಿ ಯಾವ ಚಾನಲ್‌ಗೆ ಯಾವ ವಾಯ್ಸ್ ಅಂತ ಬದಲಾಯಿಸಬಹುದು, ಮೆಗಾ ವಾಯ್ಸ್ ಗಿಟಾರ್ ಸಾಲನ್ನ ಮುಚ್ಚಿಬಿಡಬಹುದು. ಕಿಟ್ ಬದಲಾಯಿಸಿದ್ರೂ ಒಳಗಿನ ಬೋಲ್‌ಗಳು ಬೇರೆ ಕೀನಲ್ಲಿದ್ರೆ ಒಂದೊಂದಾಗಿ ಸರಿಸಬೇಕು, ಅದು ತಾಳ್ಮೆ ಕೆಲಸ. ಹೆಸರನ್ನ ಡಾಟ್ ಮಿಡ್ ಅಂತ ಮಾಡಿ ಮಾಮೂಲಿ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ತೆರೆದು ಸೇವ್ ಮಾಡೋಕೆ ಹೋಗಬೇಡಿ. ಕಾರ್ಡ್ ಬದಲಾದಾಗ ಯಾವ ಸಾಲು ಹೇಗೆ ತಿರುಗಬೇಕು ಅನ್ನೋ ಲೆಕ್ಕ ಕಾಸಂ ಅಂತ ಒಂದು ಭಾಗದಲ್ಲಿ ಫೈಲ್ ಕೊನೇಲಿ ಇರುತ್ತೆ, ಆ ಸಾಫ್ಟ್‌ವೇರ್‌ಗಳಿಗೆ ಅದು ಗೊತ್ತಿಲ್ಲ, ಸೇವ್ ಮಾಡಿದಾಗ ಬಿದ್ದುಹೋಗುತ್ತೆ. ಕಲಿಯೋ ಹಂತದಲ್ಲಿ ಇದಕ್ಕೆ ಕೈ ಹಾಕೋ ಬದಲು ಸರಿಯಾಗಿ ಕೇಳೋ ನಾಲ್ಕನ್ನ ಆರಿಸಿ ಅದರ ಜೊತೆ ನುಡಿಸೋದೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ಭಜನೆಮನೆ_ತಿಪಟೂರು

ಶನಿವಾರ ಭಜನೆ ಆಯ್ತು, ಬಂದು ಹೇಳಬೇಕು ಅನ್ನಿಸ್ತು. ನೀವೆಲ್ಲ ಇಲ್ಲದಿದ್ರೆ ಆಗ್ತಾನೇ ಇರಲಿಲ್ಲ.

236ರಲ್ಲಿ ಮೆಲ್ಲಗಿನ ದಾದ್ರಾ, 237ರಲ್ಲಿ ಚುರುಕಿನದು, 238, 239 ಕೆಹರವಾ, 240ರಲ್ಲಿ ಢೋಲಕ್ ಇರೋ ಒಂದು. ಒಂದೊಂದನ್ನೂ ಹಾರ್ಮೋನಿಯಂ ವಾಯ್ಸ್ ಜೊತೆ ರಿಜಿಸ್ಟ್ರೇಷನ್‌ನಲ್ಲಿ ಉಳಿಸಿಕೊಂಡಿದ್ದೆ, ಹಾಡು ಬದಲಾದಾಗ ಒಂದೇ ಬಟನ್. ನಮ್ಮಲ್ಲಿ ಹಾಡೋರ ಶ್ರುತಿ ಐದೂವರೆ (ಜಿ ಶಾರ್ಪ್), ನಂಗೆ ಬಿಳಿ ಒಂದರಲ್ಲಿ (ಸಿ) ಮಾತ್ರ ಬೆರಳು ಓಡೋದು, ಅದಕ್ಕೆ ಕೀಬೋರ್ಡ್ ಶ್ರುತಿ ಏರಿಸಿ ಇಳಿಸೋ ಟ್ರಾನ್ಸ್‌ಪೋಸ್ ಮೈನಸ್ 4 ಇಟ್ಕೊಂಡೆ. ಇನ್ನೊಂದು ನಾನೇ ಕಂಡ್ಕೊಂಡಿದ್ದು: ಕೆಲವು ಹಾಡಿಗೆ ಮೇಜರ್ ಹಿಡಿದ್ರೂ ಮೈನರ್ ಹಿಡಿದ್ರೂ ಏನೋ ಒಗ್ತಿರಲಿಲ್ಲ, ಬರೀ ಸ ಮತ್ತು ಪ ಎರಡೇ ಒತ್ತಿ ಹಿಡಿದೆ, ತಂಬೂರಿ ಥರ ಹಿಂದೆ ನಿಂತ್ಕೊಳ್ತು, ಹಾಡು ತೇಲಿ ಹೋಯ್ತು.

ಮೂರನೇ ಹಾಡಿಗೆ ಫಿಲ್ ಒತ್ತೋಕೆ ಮುಂಚೆ ಮನಸ್ಸಲ್ಲೇ ಧಾ ಧಿ ನಾ ಅಂದ್ಕೊಂಡು ತಿ ನಾ ಬರೋವರೆಗೆ ಕಾದೆ. ಸರಿಯಾಗಿ ಸಮ್‌ಗೆ ಬಿತ್ತು. ಮುಂದಿನ ಸಾಲಲ್ಲಿ ಕೂತಿದ್ದ 80 ದಾಟಿದ ಅಜ್ಜಿಯೊಬ್ರು ಆ ಜಾಗಕ್ಕೆ ತಲೆ ಆಡಿಸಿದ್ರು, ಅದನ್ನ ನೋಡಿ ನನ್ನ ಕಣ್ಣು ತುಂಬಿಬಿಡ್ತು.

ಒಂದು ವಿಷಯ ಮಾತ್ರ ಕಿವಿಗೆ ಸ್ವಲ್ಪ ಹಿಂಸೆ ಆಯ್ತು, ಟ್ರಾನ್ಸ್‌ಪೋಸ್ ಮಾಡಿದ್ರೂ ತಬಲಾ ಮಾತ್ರ ತನ್ನ ಶ್ರುತಿಯಲ್ಲೇ ನಿಂತಿತ್ತು. ನಾ ಅನ್ನೋವಾಗಲೆಲ್ಲ ಬೇರೆ ಸ್ವರ ಕೇಳ್ತಿತ್ತು. ಇದಕ್ಕೆ ದಾರಿ ಇದೆಯಾ?

ಹಳೇಆರ್ಕೆಸ್ಟ್ರಾ_ಶಿವಮೊಗ್ಗ

ಓದಿ ತುಂಬ ಸಂತೋಷ ಆಯ್ತು ಅಕ್ಕಾ. ಡ್ರಮ್ ಕಿಟ್‌ಗೆ ಟ್ರಾನ್ಸ್‌ಪೋಸ್ ತಾಗಲ್ಲ, ತಾಗಿದ್ರೆ ಧಾ ಇರೋ ಕೀ ಬಿಟ್ಟು ಪಕ್ಕದ ಕೀ ಸದ್ದು ಬರುತ್ತಲ್ಲ, ಅದಕ್ಕೇ. ನಿಮ್ಮ ಮಾಡೆಲ್‌ನಲ್ಲಿ ಸ್ಟೈಲ್ ವಾಲ್ಯೂಮ್ ಸ್ವಲ್ಪ ಇಳಿಸೋದೇ ದಾರಿ. ಢೋಲಕ್ ಇರೋ 240 ಇದ್ಯಲ್ಲ, ಢೋಲಕ್‌ಗೆ ತಬಲಾದಷ್ಟು ಸ್ಪಷ್ಟವಾದ ಸ್ವರ ಇಲ್ಲ, ಶ್ರುತಿ ದೂರ ಇರೋ ಹಾಡಿಗೆ ಅದನ್ನ ಹಾಕಿ.

ಭಜನೆಮನೆ_ತಿಪಟೂರು

ಹಾಗೇ ಮಾಡ್ತೀನಿ ಅಣ್ಣ. ಇನ್ನೂ ಐದು ಜಾಗ ಖಾಲಿ ಇದೆ. ನಮ್ಮ ದೊಡ್ಡಮ್ಮ ಹೇಳಿಕೊಟ್ಟಿದ್ದ ಒಂದು ದೇವರನಾಮ ಏಳು ಮಾತ್ರೆ ರೂಪಕದಲ್ಲಿದೆ, ಅದನ್ನ ಕಾರ್ತಿಕದಲ್ಲಿ ಹಾಡಬೇಕು ಅಂತ ಎಲ್ರಿಗೂ ಆಸೆ. ಮಾಡಿದೋರ ಒಪ್ಪಿಗೆ ಇರೋ ರೂಪಕ ಸ್ಟೈಲ್, ಎಸ್‌ಎಫ್‌ಎಫ್1ದು, ಎಲ್ಲಿ ಸಿಗುತ್ತೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ದುಡ್ಡು ಕೊಟ್ಟೇ ತಗೊಳ್ತೀನಿ.

ತಬಲಾ_ಧಾರವಾಡ

ತಗೊಳ್ಳೂ ಮುಂದ ಒಂದು ಕೇಳಿ ನೋಡ್ರಿ ಅಕ್ಕಾರ. ರೂಪಕದಾಗ ಸಮ್ ಖಾಲಿ ಮ್ಯಾಲೇ ಬರ್ತೈತಿ, ಉಳಿದ ತಾಳದಂಗಲ್ಲ. ತಿ ತಿ ನಾ, ಧಿ ನಾ, ಧಿ ನಾ. ಮೊದಲನೇ ಮಾತ್ರಿಗೇ ಬಾಯಾ ಗುಂ ಅಂತಂದ್ರ ಆ ಸ್ಟೈಲ್ ಬಿಡ್ರಿ, ನಾಕನೇ ಮಾತ್ರಿಗೆ ಗುಂ ಅಂತಿದ್ರ ತಗೊಳ್ರಿ.